ಜಟ್ಟಿಂಗಪ್ಪ ಮಲಗಿರಲಿಲ್ಲ

ಹಗಲು ಹೊತ್ತು ನಿದ್ದೆ ಮಾಡುವವರನ್ನು ಕಂಡರೆ ಜಟ್ಟಿಂಗಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಮಧ್ಯಾಹ್ನದ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಜಗಲಿಯ ಕಂಬಕ್ಕೆ ಒರಗಿ, ಅಂಥ ಸೋಮಾರಿಗಳ ವಿಷಯವನ್ನೇ ದೀರ್ಘವಾಗಿ ಯೋಚಿಸುತ್ತಿದ್ದ. ಯೋಚಿಸುವಾಗ ಕಣ್ಣು ಮುಚ್ಚುತ್ತಿತ್ತು, ಬಾಯಿ ತುಸು ತೆರೆಯುತ್ತಿತ್ತು, ಗಂಟಲಿನಿಂದ ಒಂದು ಬಗೆಯ ಸದ್ದೂ ಬರುತ್ತಿತ್ತು. ಅದು ಯೋಚನೆಯ ಸದ್ದೆಂದು ಅವನ ದೃಢವಾದ ನಂಬಿಕೆ. ಹೆಂಡತಿ ಗುತ್ಯಮ್ಮ ಮದುವೆಯಾದ ಹೊಸತರಲ್ಲಿ ಒಂದೆರಡು ಸಲ "ಮಲಗಿದ್ರಲ್ಲ" ಎಂದು ಹೇಳಿ ನೋಡಿ, ಮನೆಯಲ್ಲಿ ಎದ್ದ ರಂಪ ಕಂಡು, ಆಮೇಲೆ ಆ ಮಾತಿನ ತಂಟೆಗೇ ಹೋಗಿರಲಿಲ್ಲ.

ಅವರದು ಮುಳುಗಡೆಯಿಂದ ಎದ್ದು ಬಂದ ಊರು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ, ಶರಾವತಿಯ ನೀರು ಹಿಂದಕ್ಕೆ ಏರುತ್ತ ಬಂದಾಗ, ಎಲ್ಲರೂ ಮನೆಮಾರು ಬಿಟ್ಟು ಸಾಗರಕ್ಕೂ ಹೊಸನಗರಕ್ಕೂ ನಡುವೆ ಸರ್ಕಾರ ತೋರಿಸಿದ ಜಾಗದಲ್ಲಿ ಬಂದು ಕೂತಿದ್ದರು. ದನ, ಕರು, ಒನಕೆ, ಬಾಗಿಲ ದಾರಂದಗಳ ಜೊತೆಗೆ ಊರ ದೇವತೆ ಚೌಡಿಯ ಕಲ್ಲನ್ನೂ ಲಾರಿಯಲ್ಲಿ ಹೇರಿಕೊಂಡು ಬಂದಿದ್ದರು. ಚೌಡಿಗೆ ಮಾತ್ರ ಹಳೆ ಜಾಗ ಬಿಡಲು ಮನಸ್ಸಿರಲಿಲ್ಲವಂತೆ. ದಾರಿಯಲ್ಲಿ ಲಾರಿಯ ಚಕ್ರ ಪಂಚರ್ ಆದದ್ದು ಅದಕ್ಕೇ ಅಂತೆ. ಅವತ್ತಿನಿಂದ ಅವಳು ಮುಖ ಊದಿಸಿಕೊಂಡೇ ಕೂತಿದ್ದಾಳೆ, ಸುಳ್ಳು ಆಣೆ ಹಾಕಿದವರನ್ನು ಮೊದಲಿನ ಹಾಗೆ ವರ್ಷಗಟ್ಟಲೆ ಕಾಯದೆ ಅಲ್ಲಿಂದಲ್ಲಿಗೇ ವಿಚಾರಿಸಿಕೊಳ್ಳುತ್ತಾಳೆ ಎಂದು ಊರಿಗೆ ಊರೇ ಹೆದರಿಕೊಂಡಿತ್ತು. ನೇಗಿಲು ಕದ್ದಿಲ್ಲವೆಂದು ಆಣೆ ಹಾಕಿದ ಒಬ್ಬನ ನಾಲಿಗೆ ಹೊರಗೆ ಬಂದದ್ದು ಮತ್ತೆ ಒಳಗೆ ಹೋಗಲೇ ಇಲ್ಲವಂತೆ. ಆ ನಾಲಿಗೆಯನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ, ಅದರ ಸುದ್ದಿ ಕೇಳಿದವರು ಮಾತ್ರ ಮನೆಮನೆಗೂ ಇದ್ದರು.

ಇಂಥ ಊರಿನಲ್ಲಿ ಬೇಸಿಗೆಯ ಒಂದು ಮಧ್ಯಾಹ್ನ ಗುತ್ಯಮ್ಮ ಅಂಗಳದಲ್ಲಿ ನಾಲ್ಕು ಚಾಪೆ ಹಾಸಿ ಹಲಸಿನ ಹಪ್ಪಳ ಒಣಹಾಕಿದ್ದಳು. ಕಾಯಿ ಕೊಯ್ದು, ತೊಳೆ ಬಿಡಿಸಿ, ಬೇಯಿಸಿ, ಉಪ್ಪು ಖಾರ ಹಾಕಿ ಕುಟ್ಟಿ, ಒಂದೊಂದಾಗಿ ಒತ್ತಿ ಹರಡುವ ಹೊತ್ತಿಗೆ ಅವಳ ಸೊಂಟ ಬಿದ್ದುಹೋಗಿತ್ತು. ಕೆರೆಗೆ ಬಟ್ಟೆ ಒಗೆಯಲು ಹೊರಟವಳು ಗಂಡನ ಕೈಗೆ ಒಂದು ಕೋಲು ಕೊಟ್ಟಳು.

"ಕಾಗೆ ಬತ್ತವೆ, ದನ ಬತ್ತವೆ, ನೋಡ್ಕಳಿ. ಯೋಚ್ನೆ ಗೀಚ್ನೆ ಮಾಡಕ್ಕೆ ಹೋಗ್ಬೇಡಿ."

"ನಂಗೆ ಹೇಳ್ತೀಯನೇ? ನನ್ ಕಣ್ಣು ತಪ್ಸಿ ಒಂದು ಇರುವೆ ಅಂಗಳ ದಾಟ್ಲಿ ನೋಡಾಣ!"

ಇಷ್ಟು ಹೇಳಿ ಜಟ್ಟಿಂಗಪ್ಪ ಜಗಲಿಯ ಅಂಚಿನಲ್ಲಿ ಕೂತ. ಕೋಲನ್ನು ನೆಲಕ್ಕೆ ಊರಿ, ಅದರ ತುದಿಗೆ ಕೆನ್ನೆ ಆನಿಸಿದ. ಒಂದು ಕಾಗೆ ಬಂತು, ಓಡಿಸಿದ. ಪಕ್ಕದ ಮನೆಯ ಹೂವಯ್ಯ ಬೇಲಿಯ ದಣಪೆ ದಾಟಿ ಬಂದು ಎಲೆಗೆ ಸುಣ್ಣ ಕೇಳಿದ, ಕೊಟ್ಟ. ಹೂವಯ್ಯ ಹೋದ. ಬಿಸಿಲಿನ ಝಳಕ್ಕೆ ಕಣ್ಣು ಉರಿಯುತ್ತಿದ್ದರಿಂದ ಜಟ್ಟಿಂಗಪ್ಪ ಅದನ್ನು ಒಮ್ಮೆ ಮುಚ್ಚಿ ತೆರೆದ. ತೆರೆದಾಗ ಎದುರಿಗೆ ಗುತ್ಯಮ್ಮ ಒಗೆದ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು. ಚಾಪೆಗಳು ಹಾಗೇ ಇದ್ದವು. ಅವುಗಳ ಮೇಲೆ ಹಪ್ಪಳ ಇರಲಿಲ್ಲ.

"ಹಪ್ಪಳ ಎಲ್ಲಿ?" ಎಂದಳು ಗುತ್ಯಮ್ಮ.

"ಇಷ್ಟು ಬೇಗ ಬಂದ್ಯಾ? ಈಗ ಹೋದ್ಯಲ್ಲ."

"ಬಟ್ಟೆ ಒಗ್ದು, ಒಣಗ್ಸಿ, ಮಡಚ್ಕಂಡು ಬಂದೀನಿ. ಹಪ್ಪಳ ಎಲ್ಲಿ ಅಂತ ಕೇಳಿದ್ದು. ಮಲಗಿದ್ರಾ?"

ಆ ಒಂದು ಮಾತು ಆಡಬಾರದಿತ್ತು. ಅಷ್ಟರಲ್ಲಿ ಬೇಲಿಯಾಚೆ ಮುದುಕಿ ಮೂಕಮ್ಮನ ತಲೆ ಕಂಡಿತ್ತು, ಅವಳ ಹಿಂದೆ ಇನ್ನೂ ಎರಡು ತಲೆಗಳಿದ್ದವು. ಇಷ್ಟು ಜನರೆದುರು ಹೆಂಡತಿ ಹೀಗೆ ಕೇಳಿದರೆ ಗಂಡಸಾದವನು ಏನು ಮಾಡಬೇಕು? ಜಟ್ಟಿಂಗಪ್ಪ ಎದ್ದು ನಿಂತು, ಬಗ್ಗಿ ನೆಲ ಮುಟ್ಟಿ, ಕೆರೆಯ ದಂಡೆಯವರೆಗೂ ಕೇಳುವಂತೆ ಕೂಗಿದ. "ಚೌಡಿ ಆಣೆಗೂ ನಾನು ಮಲಗಿರ್ಲಿಲ್ಲ!"

ಗುತ್ಯಮ್ಮನ ಸೊಂಟದಿಂದ ಬುಟ್ಟಿ ಜಾರಿ ಬಿತ್ತು. "ಅಯ್ಯಯ್ಯೋ! ಹಪ್ಪಳದ ವಿಷ್ಯಕ್ಕೆ ಯಾರಾರೂ ಚೌಡಿ ಹೆಸ್ರು ಎತ್ತಾರನ್ರೀ!"

ಮೂಕಮ್ಮ ಬೇಲಿಯಾಚೆಯಿಂದಲೇ ವಿಚಾರಣೆ ಸುರು ಮಾಡಿದಳು. "ಆಣೆ ಹಾಕಿದ ಮೇಲೆ ಆತು ಬಿಡು. ಅವ ಎಚ್ರ ಇದ್ದ. ಎಚ್ರ ಇದ್ದವ್ನ ಎದ್ರಿಗೆ ದನ ಬಂದು ತಿನ್ನಕ್ಕೆ ಆಗ್ತದಾ? ದನ ಅಂತೂ ಅಲ್ಲವೇ ಅಲ್ಲ. ಮನುಷ್ಯರು ಯಾರು ಬಂದಿದ್ರು ಹೇಳಾ ತಮ್ಮ?"

"ಹೂವಯ್ಯ ಬಂದಿದ್ದ," ಎಂದ ಜಟ್ಟಿಂಗಪ್ಪ. ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಸಂಜೆ ದೀಪ ಹಚ್ಚುವುದರೊಳಗೆ ಹೂವಯ್ಯ ಹಪ್ಪಳ ಕದ್ದ ಸುದ್ದಿ ಊರ ಕೊನೆಯ ಮನೆಗೆ ಮುಟ್ಟಿತ್ತು. ಅಲ್ಲಿಂದ ಅದು ಹಿಂದಿರುಗಿ ಬರುವಾಗ ಹಪ್ಪಳದ ಜೊತೆ ಒಂದು ತಾಮ್ರದ ಚೊಂಬೂ ಸೇರಿಕೊಂಡಿತ್ತು.

ಜನ ಚದುರಿದ ಮೇಲೆ ಜಟ್ಟಿಂಗಪ್ಪ ಮುಖ ತೊಳೆಯಲು ಹೋದವನು ಗೋಡೆಯ ಕನ್ನಡಿ ನೋಡಿದ. ಎಡಗೆನ್ನೆಯ ಮೇಲೆ ಕೋಲಿನ ಗಂಟು ಆಳವಾಗಿ ಅಚ್ಚೊತ್ತಿತ್ತು. ಬೆರಳಿನಿಂದ ತಿಕ್ಕಿದ, ಹೋಗಲಿಲ್ಲ. ಒಂದು ಸಲ ಕಣ್ಣು ಮುಚ್ಚಿ ತೆರೆದರೆ ಇಷ್ಟು ಆಳ ಒತ್ತುತ್ತದೆಯೇ? ಮೆಲ್ಲಗೆ ನಾಲಿಗೆ ಹೊರಗೆ ಚಾಚಿ ನೋಡಿದ. ಪುಣ್ಯಕ್ಕೆ ಅದು ಒಳಗೆ ಹೋಯಿತು.

ಮರುದಿನ ಬೆಳಗ್ಗೆ ಹೂವಯ್ಯ ದಣಪೆ ಮುರಿಯುವ ಹಾಗೆ ನುಗ್ಗಿ ಬಂದ. ಇಬ್ಬರೂ ಮುಳುಗಡೆಯ ಊರಿನಿಂದ ಒಂದೇ ಲಾರಿಯಲ್ಲಿ ಬಂದವರು, ಒಬ್ಬರ ಗದ್ದೆಗೆ ಒಬ್ಬರು ಎತ್ತು ಕೊಟ್ಟುಕೊಂಡವರು. "ಸುಣ್ಣ ಕೇಳಕ್ಕೆ ಬಂದವ್ನ ಕಳ್ಳ ಮಾಡಿದ್ಯಲ್ಲ ಮಾರಾಯ! ಸಣ್ಣ ಮಕ್ಳು ಸೈತ ನನ್ನ ಹಪ್ಪಳದ ಹೂವಯ್ಯ ಅಂತಾವೆ!"

"ನಾನು ನಿನ್ನ ಕಳ್ಳ ಅಂದಿಲ್ಲಾ. ಎಚ್ರ ಇದ್ದೆ ಅಂದೀನಿ, ಅಷ್ಟೆ."

"ಎರಡೂ ಒಂದೇ ಅಲ್ಲನಾ? ನೀನು ಎಚ್ರ ಇದ್ರೆ ನಾನು ಕಳ್ಳ. ನಾನು ಕಳ್ಳ ಅಲ್ದಿದ್ರೆ ನೀನು ಮಲಗಿದ್ದೆ. ಬರೋ ಮಂಗಳವಾರ ಚೌಡಿ ಎದ್ರಿಗೆ ಎದುರಾಣೆ ಹಾಕ್ತೀನಿ. ನೀನೂ ಬಾ. ಇಬ್ರಲ್ಲಿ ಯಾರ ನಾಲಿಗೆ ಹೊರಗೆ ಬರ್ತದೆ ಅಂತ ಊರು ನೋಡ್ಲಿ!"

ಎದುರಾಣೆ ಎಂದರೆ ತಮಾಷೆಯಲ್ಲ. ಇಬ್ಬರೂ ತಣ್ಣೀರು ಮಿಂದು, ಒದ್ದೆ ಬಟ್ಟೆಯಲ್ಲೇ ಚೌಡಿಯ ಮುಂದೆ ಕೂತು, ಪೂಜೆ ಮುಗಿದ ಮೇಲೆ ತಮ್ಮ ಮಾತು ಹೇಳಿ ಉರಿಯುವ ದೀಪವನ್ನು ಅಂಗೈಯಿಂದ ಆರಿಸಬೇಕು. ಆಮೇಲೆ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಜಟ್ಟಿಂಗಪ್ಪ ಓಡುತ್ತ ಚೌಡಿಯ ಪೂಜಾರಿ ಭೂತಪ್ಪನ ಮನೆಗೆ ಹೋದ.

"ಅದಕ್ಕೆ ಯಾಕೆ ಇಷ್ಟು ಹೆದರ್ತೀಯಾ?" ಎಂದ ಭೂತಪ್ಪ. "ಮಲಗಿದ್ದೆ, ತಪ್ಪಾತು ಅಂತ ಚೌಡಿ ಎದ್ರಿಗೆ ಒಪ್ಕ. ಒಂದು ಕೋಳೀಲಿ ಮುಗೀತದೆ."

"ಮಲಗದೆ ಇದ್ದು ಮಲಗಿದ್ದೆ ಅಂದ್ರೆ?"

ಭೂತಪ್ಪ ಬಾಯಲ್ಲಿದ್ದ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿ ಯೋಚಿಸಿದ. "ಅದೂ ಸುಳ್ಳೇ ಆತಲ್ಲ. ಚೌಡಿ ಬಿಡಕಿಲ್ಲ."

"ಮಲಗಿದ್ದೂ ಮಲಗಿಲ್ಲ ಅಂದ್ರೆ?"

"ಆಗ್ಲೂ ಬಿಡಕಿಲ್ಲ. ಅಲ್ಲಾ ಮಾರಾಯ, ನೀನು ಮಲಗಿದ್ಯಾ ಇಲ್ವಾ? ಅದು ಹೇಳು ಮೊದ್ಲು."

ಆ ಪ್ರಶ್ನೆಗೆ ಉತ್ತರ ಹೇಳಲು ಜಟ್ಟಿಂಗಪ್ಪ ಬಾಯಿ ತೆರೆದ. ತೆರೆದ ಬಾಯಿ ತೆರೆದೇ ಇತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ಅವನಿಗೆ ಅದು ಗೊತ್ತಿಲ್ಲವೆಂದು ಗೊತ್ತಾಯಿತು.

ಗೊತ್ತಿದ್ದವರನ್ನು ಕೇಳೋಣವೆಂದು ಮೂಕಮ್ಮನ ಕೊಟ್ಟಿಗೆಗೆ ಹೋದ. ಮೂಕಮ್ಮ ತನ್ನ ಕೆಂಪು ದನದ ಮುಂದೆ ಅಕ್ಕಿ ತೊಳೆದ ಅಕ್ಕಚ್ಚಿನ ಬಾನಿ ಇಟ್ಟು, ಅದು ಗಟಗಟ ಕುಡಿಯುವುದನ್ನು ನೋಡುತ್ತ ಕೂತಿದ್ದಳು.

"ನಿನ್ನೆ ಸಂಜೆಯಿಂದ ಈ ಮುಂಡೇದಕ್ಕೆ ಎಷ್ಟು ನೀರು ಕೊಟ್ರೂ ಸಾಲ್ತಾ ಇಲ್ಲ. ಹುಲ್ಲು ಮೂಸ್ತಾನೂ ಇಲ್ಲ," ಎಂದಳು.

"ಅದು ಹಾಳಾಗಿ ಹೋಗ್ಲಿ ಮೂಕಮ್ಮತ್ತೆ. ನಾನು ಸಾಯ್ತಾ ಇದೀನಿ. ನಿನ್ನೆ ಮಧ್ಯಾಹ್ನ ನಾನು ಮಲಗಿದ್ದು ನೀನು ಕಂಡ್ಯಾ?"

"ನಿನ್ನ ಗೊರಕೆ ಇಲ್ಲೀವರೆಗೆ ಕೇಳ್ತಿ..." ಎಂದವಳು ದನದ ಕಡೆ ನೋಡಿ, ತಟ್ಟನೆ ಮಾತು ತಿರುಗಿಸಿದಳು. "ಕೇಳ್ತಿರ್ಲಿಲ್ಲಪ್ಪ. ನಂಗೆ ಕಿವಿ ಮಂದ. ನೀನು ಎಚ್ರ ಇದ್ದೆ. ಕಲ್ಲಿನ ಹಂಗೆ ಎಚ್ರ ಇದ್ದೆ. ನಂಗೆ ಎಂತದೂ ಗೊತ್ತಿಲ್ಲ, ಸಾಕ್ಷಿಗೀಕ್ಷಿಗೆ ಕರೀಬೇಡ."

ಜಟ್ಟಿಂಗಪ್ಪನ ತಲೆ ಇನ್ನಷ್ಟು ಕೆಟ್ಟಿತು. ಇನ್ನು ಇದನ್ನು ಬಿಡಿಸಬಲ್ಲವನು ಹೊಸನಗರದಲ್ಲಿರುವ ಭಾವ ಮಾಸ್ತಪ್ಪನೊಬ್ಬನೇ. ಗುತ್ಯಮ್ಮನ ಅಣ್ಣನಾದ ಮಾಸ್ತಪ್ಪ ಅಲ್ಲಿನ ಒಬ್ಬ ವಕೀಲರ ಮನೆಯಲ್ಲಿ ಫೈಲು ಹೊರುವ ಕೆಲಸದಲ್ಲಿದ್ದ. ಹೊತ್ತು ಹೊತ್ತು ಕಾನೂನೆಲ್ಲ ಅವನ ಮೈಗೆ ಇಳಿದಿತ್ತು.

ತೀರ್ಥಹಳ್ಳಿಗೆ ಹೋಗುವ ಬಸ್ಸು ಹೊಸನಗರದ ಮೇಲೆಯೇ ಹಾಯುತ್ತಿತ್ತು. ಜಟ್ಟಿಂಗಪ್ಪ ಅದನ್ನು ಹತ್ತಿ, ಕಿಟಕಿಯ ಪಕ್ಕ ಕೂತು, ಹೊಸನಗರ ಬಂದೊಡನೆ ಇಳಿಯಬೇಕೆಂದು ಎರಡೂ ಕಣ್ಣನ್ನು ರಸ್ತೆಗೆ ನೆಟ್ಟ. ಬಸ್ಸು ಹೊರಟಿತು. ಬಸ್ಸು ನಿಂತಿತು.

"ತೀರ್ಥಹಳ್ಳಿ! ಇಳೀರಿ ಇಳೀರಿ!" ಎಂದು ಕಂಡಕ್ಟರ್ ಕೂಗಿದ.

"ಹೊಸನಗರ ಎಲ್ಲಿ?" ಎಂದ ಜಟ್ಟಿಂಗಪ್ಪ.

"ಹೊಸನಗರ ಬಂತು, ನಾವು ಕಾಫಿ ಕುಡಿದ್ವಿ, ಹೊಸನಗರ ಹೋತು."

"ಬಂದಿಲ್ಲ. ನಾನು ನೋಡ್ತಾನೇ ಇದ್ದೆ. ನೀವು ಬೇರೆ ರಸ್ತೇಲಿ ತಂದೀರಿ!"

ಬಸ್ಸಿನವರೆಲ್ಲ ತಿರುಗಿ ನೋಡಿದರು. ಪಕ್ಕದಲ್ಲಿ ಕೋಳಿಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಹೇಳಿದಳು. "ನನ್ ಹುಂಜ ಇವ್ರ ಕಿವಿ ಹತ್ರನೇ ಕೂಗ್ತು ಕಂಡಕ್ಟ್ರೇ. ಇವ್ರು ಏಳ್ಲೇ ಇಲ್ಲ."

"ಯಾವ ಹುಂಜ? ಹುಂಜ ಕೂಗೇ ಇಲ್ಲ!"

"ಹಂಗಾರೆ ನನ್ ಹುಂಜ ಮೂಕ ಅಂತೀರಾ?" ಎಂದು ಆ ಹೆಂಗಸು ಜಗಳಕ್ಕೆ ನಿಂತಳು.

ಕಂಡಕ್ಟರ್ ಕೈ ಮುಗಿದು ಅವನನ್ನು ಕೆಳಗಿಳಿಸಿದ. ಜಟ್ಟಿಂಗಪ್ಪ ತೀರ್ಥಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ಬೆವರಿದ. ಪೊಲೀಸ್ ಠಾಣೆ, ಕಚೇರಿ, ಅಂಗಡಿ ಬೀದಿ ಸಮೇತ ಒಂದು ತಾಲ್ಲೂಕು ಕೇಂದ್ರವೇ ಕಣ್ಣ ಮುಂದೆ ಹಾದುಹೋಗಿ ತನಗೆ ಗೊತ್ತಾಗಿಲ್ಲ. ಹಾಗಿದ್ದರೆ ನಾಲ್ಕು ಚಾಪೆ ಹಪ್ಪಳ ಯಾವ ಲೆಕ್ಕ? ಮೊದಲು ನಾಲಿಗೆ ಹೋಗುತ್ತದೆಯೋ, ಇಡೀ ಜೀವವೇ ಹೋಗುತ್ತದೆಯೋ? ಹಿಂದಿರುಗುವ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅವನು ಕೂರಲಿಲ್ಲ. ಸರಳು ಹಿಡಿದು ನಿಂತೇ ಬಂದು, ಪ್ರತಿ ಊರಿನ ಹೆಸರನ್ನೂ ಗಟ್ಟಿಯಾಗಿ ಹೇಳಿಕೊಳ್ಳುತ್ತ ಹೊಸನಗರದಲ್ಲಿ ಇಳಿದ.

ಮಾಸ್ತಪ್ಪ ಎಲ್ಲವನ್ನೂ ಕೇಳಿ ಕತ್ತು ಅಲ್ಲಾಡಿಸಿದ. "ನೀವು ಎಚ್ರ ಇದ್ರಿ ಅನ್ನಕ್ಕೆ ಸಾಕ್ಷಿ ಯಾರು ಭಾವ?"

"ನಾನೇ."

"ಮಲಗಿದ್ರಿ ಅನ್ನಕ್ಕೆ?"

"ಅದಕ್ಕೂ ನಾನೇ ಆಗ್ಬೇಕಲ್ಲ."

"ಆಗಲ್ಲ. ಮಲಗಿದ್ದವ ಸ್ಥಳದಲ್ಲಿ ಹಾಜರಿರಲ್ಲ. ಹಾಜರಿಲ್ಲದವ ಸಾಕ್ಷಿ ಹೇಳಂಗಿಲ್ಲ. ಕೇಸು ಬಹಳ ಬಿಗಿ ಇದೆ. ಮುಂದಿನ ತಾರೀಕು ಕೇಳಿ."

"ಯಾರ ಹತ್ರ? ಚೌಡಿ ಹತ್ರನಾ?"

ಚೌಡಿಯ ಹೆಸರು ಕೇಳಿದ್ದೇ ಮಾಸ್ತಪ್ಪ ಎದ್ದು ನಿಂತ. "ಮೊದ್ಲೇ ಹೇಳ್ಬಾರ್ದಾ? ನಾನು ಈ ಕೇಸಿನಲ್ಲಿಲ್ಲ. ನೀವು ನಂಗೆ ಎಂತದೂ ಹೇಳಿಲ್ಲ, ನಾನು ಎಂತದೂ ಕೇಳಿಲ್ಲ. ಊಟ ಮಾಡ್ಕಂಡು ಹೊರಡಿ." ಜಟ್ಟಿಂಗಪ್ಪ ಊಟಕ್ಕೂ ನಿಲ್ಲದೆ ಊರಿನ ಬಸ್ಸು ಹತ್ತಿದ.

ಅಂದಿನಿಂದ ಮಂಗಳವಾರದವರೆಗೆ ಅವನು ಕಣ್ಣು ಮುಚ್ಚಲಿಲ್ಲ. ಕಣ್ಣು ಮುಚ್ಚಿದರೆ ಚೌಡಿ ಲಾರಿಯಿಂದ ಇಳಿದು ಬರುವುದೇ ಕಾಣುತ್ತಿತ್ತು. ಹಗಲಲ್ಲಿ ಜೋಂಪು ಹತ್ತಿದರೆ ಎಬ್ಬಿಸೆಂದು ಗುತ್ಯಮ್ಮನಿಗೇ ಕೋಲು ಕೊಟ್ಟ. ಪಾಪ, ಅವಳು ಮನೆಕೆಲಸ ಬಿಟ್ಟು ಗಂಡನನ್ನು ಕಾಯುತ್ತ ಕೂತಳು. ಅವನ ತಲೆ ವಾಲಿದಾಗ ಒಂದು ಸಲ ತಿವಿದಳು.

"ಯಾಕೆ ತಿವಿದಿ?"

"ಮಲಗಿದ್ರಲ್ಲ."

"ಯಾರು? ನಾನು ನಿನ್ನನ್ನೇ ನೋಡ್ತಾ ಇದ್ನಲ್ಲ!"

ಗುತ್ಯಮ್ಮ ಕೋಲು ಬಿಸಾಡಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಳಗಳ ಅತ್ತಳು. ಈ ಮನುಷ್ಯ ಚೌಡಿಯೆದುರೂ ಹೀಗೇ ಹೇಳುತ್ತಾನೆ, ತನ್ನ ತಾಳಿ ಉಳಿಯುವುದಿಲ್ಲ ಎಂದು ಅವಳಿಗೆ ನಿಶ್ಚಯವಾಯಿತು. ಅವಳು ಅಳುವುದನ್ನು ಕಂಡು ಜಟ್ಟಿಂಗಪ್ಪನಿಗೂ ಅಳು ಬಂತು. ಇಬ್ಬರೂ ಸ್ವಲ್ಪ ಹೊತ್ತು ಅತ್ತರು.

ಮಂಗಳವಾರ ಊರೆಲ್ಲ ಚೌಡಿಯ ಮರದಡಿ ಸೇರಿತು. ಮೂಕಮ್ಮನೊಬ್ಬಳು ದನಕ್ಕೆ ಮೈ ಸರಿಯಿಲ್ಲವೆಂದು ಬರಲಿಲ್ಲ. ಗುತ್ಯಮ್ಮ ಯಾವುದಕ್ಕೂ ಇರಲಿ ಎಂದು ಕಾಲು ಕಟ್ಟಿದ ಕೋಳಿಯೊಂದನ್ನು ಬುಟ್ಟಿಯಲ್ಲಿ ತಂದು ಪಕ್ಕದಲ್ಲಿ ಇಟ್ಟುಕೊಂಡು ಕೂತಿದ್ದಳು. ಜಟ್ಟಿಂಗಪ್ಪ ಮತ್ತು ಹೂವಯ್ಯ ತಣ್ಣೀರು ಮಿಂದು, ಒದ್ದೆ ಪಂಚೆಯಲ್ಲಿ ಕಲ್ಲಿನ ಮುಂದೆ ಪಕ್ಕಪಕ್ಕದಲ್ಲೇ ಕೂತರು. ಹೂವಯ್ಯನ ಹಲ್ಲು ಕಟಕಟ ಎನ್ನುತ್ತಿದ್ದವು. ಕದ್ದಿರದಿದ್ದರೂ ಅವನಿಗೂ ಒಳಗೊಳಗೇ ಭಯ. ಮುನಿದ ದೇವರು, ತಪ್ಪಿ ಒಬ್ಬರ ಬದಲು ಇನ್ನೊಬ್ಬರನ್ನು ಹಿಡಿದರೆ ಕೇಳುವವರು ಯಾರು?

ಭೂತಪ್ಪ ಆತುರದ ಪೂಜಾರಿಯಲ್ಲ. ಹೂವನ್ನು ಒಂದೊಂದಾಗಿ ಏರಿಸಿದ. ಕುಂಕುಮ ಕಲಸಿದ. ಬತ್ತಿ ಹೊಸೆದ, ಅದು ದಪ್ಪವಾಯಿತೆಂದು ಬಿಚ್ಚಿ ಮತ್ತೆ ಹೊಸೆದ. ಜಟ್ಟಿಂಗಪ್ಪ ಎಲ್ಲವನ್ನೂ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದ. ಮರದ ನೆರಳು ತಂಪಾಗಿತ್ತು. ಭೂತಪ್ಪ ದೀಪಕ್ಕೆ ಎಣ್ಣೆ ಹೊಯ್ದ. ಎಣ್ಣೆ ಸಣ್ಣಗೆ, ನೂಲಿನ ಹಾಗೆ ಇಳಿಯುತ್ತಿತ್ತು. ಜಟ್ಟಿಂಗಪ್ಪ ಅದನ್ನೇ ನೋಡುತ್ತಿದ್ದ. ನೋಡುತ್ತಲೇ ಇದ್ದ.

ಎಣ್ಣೆ ಹೊಯ್ದು ಮುಗಿಯುತ್ತಲೂ ಅವನು ಬೆನ್ನು ನೆಟ್ಟಗೆ ಮಾಡಿ ಕೂತು, "ಹೂಂ, ದೀಪ ಹಚ್ಚು ಭೂತಪ್ಪ," ಎಂದ.

ಊರಿಗೆ ಊರೇ ಅವನನ್ನೇ ನೋಡುತ್ತಿತ್ತು. ಹೆಂಗಸರು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು. ಭೂತಪ್ಪನ ಕೈಯಲ್ಲಿ ಎಣ್ಣೆಯ ಕುಡಿಕೆ ಇರಲಿಲ್ಲ. ಅವನು ಮರದ ಬುಡದಲ್ಲಿ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕುತ್ತಿದ್ದ. ದೀಪ ಉರಿದುರಿದು ಬತ್ತಿ ಕಪ್ಪಾಗಿತ್ತು. ಮರದ ನೆರಳು ಜನರನ್ನು ಬಿಟ್ಟು ಆಚೆ ಹೋಗಿತ್ತು. ಇನ್ನೂ ಒಂದು ವಿಚಿತ್ರವೆಂದರೆ, ಹೂವಯ್ಯ ಅವನಿಗೆ ಅಂಟಿಕೊಂಡು ಕೂತು ಒಂದು ಕೈಯಿಂದ ಅವನ ಹೆಗಲು ಬಳಸಿ ಹಿಡಿದುಕೊಂಡಿದ್ದ.

"ನೀನ್ಯಾಕೆ ನನ್ನ ಹಿಡ್ಕಂಡೀಯಾ?" ಎಂದ ಜಟ್ಟಿಂಗಪ್ಪ.

"ಹಿಡೀದಿದ್ರೆ ಮೂತಿ ಸಮೇತ ದೀಪದ ಮೇಲೆ ಬೀಳ್ತಿದ್ದೆ," ಎಂದ ಹೂವಯ್ಯ. ಅವನ ತೋಳು ಜೋಮು ಹಿಡಿದು ನಡುಗುತ್ತಿತ್ತು.

"ಎಬ್ಬಿಸ್ಬೇಡ, ಊರು ಪೂರಾ ನೋಡ್ಲಿ ಅಂತ ನಾನೇ ಹೇಳಿದ್ದು," ಎಂದ ಭೂತಪ್ಪ. "ಮಜಬೂತಾಗಿ ಮಲಗಿದ್ಯಲ್ಲ ಮಾರಾಯ. ನಿನ್ನ ಪಂಚೆ ಮುಟ್ಟಿ ನೋಡ್ಕ, ಒಣಗಿ ಗರಿಗರಿ ಆಗಿದೆ."

"ಯಾರು? ನಾನಾ?" ಜಟ್ಟಿಂಗಪ್ಪನಿಗೆ ಹುಟ್ಟಿದಾಗಿನಿಂದ ಬಂದ ಸಿಟ್ಟು ನೆತ್ತಿಗೇರಿತು. ಚೌಡಿಯೂ ಮರೆತುಹೋದಳು, ನಾಲಿಗೆಯೂ ಮರೆತುಹೋಯಿತು. ಧಡಕ್ಕನೆ ಎದ್ದು ನಿಂತು, ಬಗ್ಗಿ ನೆಲ ಮುಟ್ಟಿದ. "ನಾನು ಎಣ್ಣೆ ನೋಡ್ತಾ ಇದ್ದೆ! ಚೌಡಿ ಆಣೆಗೂ ನಾನು ಮಲ..."

ಹೂವಯ್ಯ ಹಾರಿ ಬಂದು ತನ್ನ ಅಂಗೈಯನ್ನು ಅವನ ಬಾಯಿಗೆ ಬಲವಾಗಿ ಒತ್ತಿ ಹಿಡಿದ. "ಸಾಯ್ತೀಯಾ ಮಾರಾಯ! ಮುಚ್ಚು ಬಾಯಿ! ನಾನು ಹಪ್ಪಳ ಕದ್ದವ್ನೇ ಆಗ್ತೀನಿ ಬೇಕಾರೆ, ಆ ಮಾತು ಮಾತ್ರ ಮುಗಿಸ್ಬೇಡ!" ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ಜಟ್ಟಿಂಗಪ್ಪ ಕೊಸರಾಡಿದ. ಕೊಸರಾಡುವಾಗ ಕೈ ತನ್ನ ಪಂಚೆಗೆ ತಾಗಿತು. ಪಂಚೆ ಒಣಗಿತ್ತು. ಈಗ ತಾನೇ ನೀರು ಸುರಿಯುತ್ತಿದ್ದ ಪಂಚೆ. ಅವನು ಅದನ್ನು ಬೆರಳುಗಳಲ್ಲಿ ಹಿಸುಕಿ ನೋಡಿದ, ಇನ್ನೊಂದು ತುದಿಯನ್ನೂ ಹಿಸುಕಿ ನೋಡಿದ. ಕೊಸರಾಟ ನಿಂತಿತು. ಕಣ್ಣುಗಳು ದೊಡ್ಡವಾದವು. ಎಷ್ಟೋ ವರ್ಷಗಳ ಮಧ್ಯಾಹ್ನಗಳೆಲ್ಲ ಒಟ್ಟಿಗೆ ಎದುರು ಬಂದು ನಿಂತಂತೆ ಅವನು ಗುತ್ಯಮ್ಮನ ಕಡೆ ನೋಡಿದ. ಅವಳು ಹೌದೆಂದು ಮೆಲ್ಲಗೆ ತಲೆಯಾಡಿಸಿದಳು.

"ಕೈ ತೆಗಿ ಹೂವಯ್ಯ, ಅವ ಒಪ್ಕತಾನೆ," ಎಂದ ಭೂತಪ್ಪ.

"ತೆಗೆಯಲ್ಲ. ಇವ್ನ ಬಾಯಿ ನಂಬಕ್ಕಾಗಲ್ಲ. ಮೊದ್ಲು ಎಂತ ಹೇಳ್ತಾನೆ ಅಂತ ಕೈಲಿ ತೋರಿಸ್ಲಿ."

ಜಟ್ಟಿಂಗಪ್ಪ ಚೌಡಿಯ ಕಡೆಗೆ ತಿರುಗಿದ. ಎರಡೂ ಕೈ ಜೋಡಿಸಿದ. ಜೋಡಿಸಿದ ಕೈಗಳನ್ನು ನಿಧಾನವಾಗಿ ಎಡಗೆನ್ನೆಯ ಕೆಳಗೆ ಇಟ್ಟು, ತಲೆ ವಾಲಿಸಿ, ಕಣ್ಣು ಮುಚ್ಚಿ ತೋರಿಸಿದ.

ಆಮೇಲೆ ಹೂವಯ್ಯ ಅವನ ಬಾಯಿಂದ ಕೈ ತೆಗೆದ.